ನಕ್ಷೆಗೆ ಮುನ್ನ ಮೂರು ಪಟ್ಟಿ: ಕಲಾ ಸಂಗ್ರಹಾಲಯದ ವಿಸ್ತರಣೆ ಮತ್ತು ನಲ್ಲೂರು ತೋಪು

ಹಳೆಯ ಕಲಾ ಸಂಗ್ರಹಾಲಯವೊಂದನ್ನು ದುರಸ್ತಿ ಮಾಡಿ ದೊಡ್ಡದು ಮಾಡಬೇಕೆಂಬ ಮಾತು ಎದ್ದಾಗ ಸಭೆಯ ಮೇಜಿಗೆ ಮೊದಲು ಬರುವುದು ವಾಸ್ತುಶಿಲ್ಪಿಯ ನಕ್ಷೆ. ಒಳಗಿರುವ ವಸ್ತುಗಳ ಪಟ್ಟಿ ಬರುವುದು ಆಮೇಲೆ. ಎಷ್ಟೋ ಸಲ ಬರುವುದೇ ಇಲ್ಲ. ಈ ಕ್ರಮ ತಲೆಕೆಳಗಾಗಿದೆ ಎಂಬುದು ಈ ಟಿಪ್ಪಣಿಯ ವಾದ. ನಕ್ಷೆ ಬರೆಯುವ ಮುನ್ನ ಮೂರು ಪಟ್ಟಿಗಳು ಸಿದ್ಧವಾಗಿರಬೇಕು: ಸಂಗ್ರಹದಲ್ಲಿ ಏನಿದೆ, ಅದು ಉಳಿಯಲು ಏನು ಬೇಕು ಎಂಬ ವಸ್ತುಗಳ ಪಟ್ಟಿ, ಈಗಿನ ಕಟ್ಟಡವನ್ನು ಯಾರು ಯಾವುದಕ್ಕೆ ಬಳಸುತ್ತಿದ್ದಾರೆ ಎಂಬ ಬಳಕೆದಾರರ ಪಟ್ಟಿ, ಯಾವುದನ್ನು ಕಡಿಯಬಾರದು, ಕೀಳಬಾರದು, ತರಬಾರದು ಎಂಬ ನಿಷೇಧದ ಪಟ್ಟಿ. ವಾದಕ್ಕೆ ಆಧಾರವಾಗಿ ಬೆಂಗಳೂರಿನ ಎರಡು ಸಂಸ್ಥೆಗಳನ್ನೂ, ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹುಣಸೆ ತೋಪನ್ನೂ ತೆಗೆದುಕೊಂಡಿದೆ. ನಲ್ಲೂರಿನಲ್ಲಿ ಕಲಾ ಸಂಗ್ರಹಾಲಯವಿಲ್ಲ, ಅಲ್ಲಿ ಒಂದನ್ನು ಕಟ್ಟಬೇಕೆಂಬುದು ಈ ಟಿಪ್ಪಣಿಯ ಸಲಹೆಯೂ ಅಲ್ಲ. ಮೂರನೆಯ ಪಟ್ಟಿ ಎಂದರೇನು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ನಿದರ್ಶನ ಸುತ್ತಮುತ್ತ ಸಿಗುವುದಿಲ್ಲ ಎಂಬ ಕಾರಣಕ್ಕೆ ಅದು ಇಲ್ಲಿ ಬಂದಿದೆ.

1. ಒಂದೇ ಸಂಸ್ಥೆ, ವಿಸ್ತರಣೆಯ ಮೂರು ವಿಧಾನ

ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದ ದೆಹಲಿ, ಮುಂಬೈ, ಬೆಂಗಳೂರು ಶಾಖೆಗಳು ಮೂರೂ ಬೇರೆ ಉದ್ದೇಶಕ್ಕೆ ಕಟ್ಟಿದ್ದ ಹಳೆಯ ಕಟ್ಟಡಗಳಲ್ಲಿವೆ. ದೆಹಲಿಯ ಜೈಪುರ ಹೌಸ್ ಆರ್ಥರ್ ಬ್ಲೂಮ್‌ಫೀಲ್ಡ್ ವಿನ್ಯಾಸ ಮಾಡಿದ, ನಡುವೆ ಗುಮ್ಮಟವಿರುವ ಅರಮನೆ. 1954ರಿಂದ ಸಂಗ್ರಹಾಲಯವಾಗಿರುವ ಅದಕ್ಕೆ 2009ರಲ್ಲಿ ದೊಡ್ಡದೊಂದು ಹೊಸ ಭಾಗ ಸೇರಿತು. ಮುಂಬೈಯಲ್ಲಿ ಸರ್ ಕಾವಸ್ಜಿ ಜಹಾಂಗೀರ್ ಸಭಾಂಗಣದ ಹೊರಗೋಡೆಗಳನ್ನು ಹಾಗೆಯೇ ಉಳಿಸಿಕೊಂಡು, ವಾಸ್ತುಶಿಲ್ಪಿ ರೋಮಿ ಖೋಸ್ಲಾ ಒಳಗಿನ ಜಾಗದಲ್ಲಿ ಅರ್ಧವೃತ್ತಾಕಾರದ ಅಂಕಣಗಳನ್ನು ಒಂದರ ಮೇಲೊಂದರಂತೆ ಜೋಡಿಸಿದರು; ಅದು 1996ರಲ್ಲಿ ತೆರೆಯಿತು. ಬೆಂಗಳೂರಿನದು ಮೂರನೆಯ ದಾರಿ.

ಅರಮನೆ ರಸ್ತೆಯ ಮಾಣಿಕ್ಯವೇಲು ಮಹಲು ಮೊದಲು ಮೈಸೂರಿನ ಯುವರಾಜರಿಗೆ ಸೇರಿತ್ತು. ಗಣಿ ಉದ್ಯಮದಲ್ಲಿ ಹಣ ಮಾಡಿದ ಮಾಣಿಕ್ಯವೇಲು ಮುದಲಿಯಾರ್ ಅದನ್ನು ಕೊಂಡರು. ಅವರ ಸಂಪತ್ತು ಕರಗಿದ ಮೇಲೆ 1960ರ ದಶಕದಲ್ಲಿ ಮಹಲು ನಗರ ಸುಧಾರಣಾ ಮಂಡಳಿಯ (ಸಿಐಟಿಬಿ) ವಶಕ್ಕೆ ಬಂತು. 2000ದಲ್ಲಿ ಕೇಂದ್ರ ಸಂಸ್ಕೃತಿ ಇಲಾಖೆಗೆ ಗುತ್ತಿಗೆಯ ಮೇಲೆ ಸಿಕ್ಕಿತು. ಸಂಗ್ರಹಾಲಯ ತೆರೆದದ್ದು 2009ರ ಫೆಬ್ರವರಿ 18ರಂದು. ಸುಮಾರು ಮೂರೂವರೆ ಎಕರೆಯ ಆವರಣದಲ್ಲಿ ವಾಸ್ತುಶಿಲ್ಪಿ ನರೇಶ್ ನರಸಿಂಹನ್ ಹೊಸ ಗ್ಯಾಲರಿಯನ್ನು ಹಳೆಯ ಮಹಲಿಗೆ ಅಂಟಿಸಲಿಲ್ಲ. ಬೇರೆಯಾಗಿ ಕಟ್ಟಿ, ನಡುವೆ ಒಂದು ನೀರಿನ ಕೊಳ ಬಿಟ್ಟು, ಎರಡನ್ನೂ ಸೇತುವೆಯಿಂದ ಸೇರಿಸಿದರು.

ನೋಡುವವರ ಕಣ್ಣಿಗೆ ಇದು ಅಂದದ ಮಾತು. ಕಟ್ಟಡದ ಆರೋಗ್ಯದ ದೃಷ್ಟಿಯಿಂದ ಇದರ ಲಾಭ ಬೇರೆ. ಆ ಕಾಲದ ಬೆಂಗಳೂರಿನ ಮಹಲುಗಳ ಗೋಡೆ ಸುಣ್ಣದ ಗಾರೆಯದು, ಮೇಲ್ಛಾವಣಿ ಬಹುಮಟ್ಟಿಗೆ ಮದ್ರಾಸ್ ತಾರಸಿ: ಮರದ ತೊಲೆಯ ಮೇಲೆ ಜಂತಿ, ಅದರ ಮೇಲೆ ಅಡ್ಡಡ್ಡ ನಿಲ್ಲಿಸಿದ ಇಟ್ಟಿಗೆ, ಅದರ ಮೇಲೆ ಗಾರೆ. ಇಂಥ ಗೋಡೆ ನೆಲದಿಂದ ತೇವ ಹೀರುತ್ತದೆ, ಹೀರಿದ್ದನ್ನು ಮೈತುಂಬ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಪ್ಲಾಸ್ಟರ್ ಬಳಿದರೆ ತೇವ ಹೊರಬರಲು ದಾರಿಯಿಲ್ಲದೆ ಒಳಗೇ ನಿಲ್ಲುತ್ತದೆ. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಬಣ್ಣ ಉಬ್ಬುತ್ತದೆ, ಉಪ್ಪು ಬಿಳಿ ಪುಡಿಯಾಗಿ ಮೇಲಕ್ಕೆ ಬರುತ್ತದೆ, ಪ್ಲಾಸ್ಟರ್ ಹಪ್ಪಳದಂತೆ ಏಳುತ್ತದೆ. ಆ ಗೋಡೆಗೇ ಒಂದು ಜಲವರ್ಣ ಚಿತ್ರವನ್ನು ತೂಗುಹಾಕಿದ್ದರೆ ಚೌಕಟ್ಟಿನ ಹಿಂಬದಿಯ ರಟ್ಟಿಗೆ ಬೂಷ್ಟು ಹಿಡಿಯುವುದು ಅದಕ್ಕೂ ಮೊದಲೇ. ಆದ್ದರಿಂದ ಹಳೆಯ ಗೋಡೆಯ ದುರಸ್ತಿ ಸುಣ್ಣದಲ್ಲೇ ಆಗಬೇಕು. ಬೆಲ್ಲ, ಅಳಲೆಕಾಯಿ ನೀರು ಸೇರಿಸಿ ಗಾರೆ ಅರೆಯುವ ಕೈಗಳು ಇನ್ನೂ ಪೂರ್ತಿ ಮರೆಯಾಗಿಲ್ಲ. ಆದರೆ ಟೆಂಡರಿನ ದರಪಟ್ಟಿಯಲ್ಲಿ ಆ ಕೆಲಸಕ್ಕೆ ಪ್ರತ್ಯೇಕ ಸಾಲು ಇರದಿದ್ದರೆ ಗುತ್ತಿಗೆದಾರ ತರುವುದು ಸಿಮೆಂಟನ್ನೇ.

ಹೊಸ ಕಟ್ಟಡ ಹಳೆಯದಕ್ಕೆ ತಾಗಿಕೊಂಡಾಗ ಎರಡು ಛಾವಣಿಗಳು ಕೂಡುವ ಕಡೆ ಒಂದು ದೋಣಿ ಹುಟ್ಟುತ್ತದೆ. ಎಲೆ ಕಟ್ಟಿಕೊಳ್ಳುವುದು, ನೀರು ನಿಲ್ಲುವುದು, ಸೋರುವುದು ಅಲ್ಲೇ. ಎರಡರ ಅಡಿಪಾಯಗಳೂ ಒಂದೇ ಹದದಲ್ಲಿ ಕುಸಿಯುವುದಿಲ್ಲವಾದ್ದರಿಂದ ಕೂಡುಗೆರೆಯಲ್ಲಿ ಬಿರುಕೂ ತಪ್ಪಿದ್ದಲ್ಲ. ಬೇರೆ ನಿಂತ ಕಟ್ಟಡಕ್ಕೆ ಈ ಎರಡು ಕಾಟವೂ ಇಲ್ಲ. ಇನ್ನೂ ದೊಡ್ಡ ಲಾಭವೆಂದರೆ ಹೊರೆಯ ಹಂಚಿಕೆ. ಲಿಫ್ಟ್, ಹವಾನಿಯಂತ್ರಣದ ಯಂತ್ರ, ಭಾರದ ಶಿಲ್ಪ, ಎತ್ತರದ ಕ್ಯಾನ್ವಾಸ್, ಸಭಾಂಗಣ ಇವೆಲ್ಲ ಹಳೆಯ ತೊಲೆಗಳ ಮೇಲೆ ಬೀಳಬೇಕಾಗಿಲ್ಲ. ಮಹಲಿನ ಚಿಕ್ಕ ಕೋಣೆಗಳು ಹತ್ತಿರ ನಿಂತು ನೋಡಬೇಕಾದ ಚಿಕ್ಕ ಚಿತ್ರಗಳಿಗೆ ಹೇಳಿ ಮಾಡಿಸಿದಂತಿವೆ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲಿ ಬಂದ ಮೇಲೆ ಗಾಲಿಕುರ್ಚಿಯ ದಾರಿ ಯಾರ ಮರ್ಜಿಯ ಮಾತೂ ಅಲ್ಲ. ಆ ದಾರಿಯನ್ನು ಹಳೆಯ ಮೆಟ್ಟಿಲು ಒಡೆಯದೆ ಕೊಡಬೇಕಾದರೆ ಪಕ್ಕದಲ್ಲಿ ಹೊಸ ಕಟ್ಟಡ ಬೇಕಾಗುತ್ತದೆ.

ಮಾಣಿಕ್ಯವೇಲು ಮಹಲಿನ ಗುತ್ತಿಗೆಗೂ ಸಂಗ್ರಹಾಲಯದ ಉದ್ಘಾಟನೆಗೂ ನಡುವೆ ಒಂಬತ್ತು ವರ್ಷ ಹಿಡಿದಿದೆ. ಸರ್ಕಾರಿ ವಿಳಂಬವೆಂದು ಇದನ್ನು ಬೈಯುವುದು ಸುಲಭ. ಆದರೆ ಆಮ್‌ಸ್ಟರ್‌ಡಾಮಿನ ರೈಕ್ಸ್ ಮ್ಯೂಸಿಯಂ 2003ರ ಕೊನೆಯಲ್ಲಿ ಬಾಗಿಲು ಹಾಕಿ ಮುಖ್ಯ ಕಟ್ಟಡವನ್ನು ಮತ್ತೆ ತೆರೆದದ್ದು 2013ರ ಏಪ್ರಿಲಿನಲ್ಲಿ. ದೊಡ್ಡ ಸಂಗ್ರಹಾಲಯದ ಕೆಲಸಕ್ಕೆ ದಶಕ ಹಿಡಿಯುವುದು ನಮ್ಮಲ್ಲಿ ಮಾತ್ರ ಕಾಣುವ ಸಂಗತಿಯಲ್ಲ.

2. ವಸ್ತುಗಳ ಪಟ್ಟಿ: ವೆಂಕಟಪ್ಪ ಚಿತ್ರಶಾಲೆಗೆ ಬೇಕಾದದ್ದು ಏನು

ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ 1865ರಲ್ಲಿ ಸ್ಥಾಪನೆಯಾಯಿತು. ಮದ್ರಾಸಿನ ಸಂಗ್ರಹಾಲಯವನ್ನು ಕಟ್ಟಿ ಬೆಳೆಸಿದ್ದ ವೈದ್ಯ ಎಡ್ವರ್ಡ್ ಬಾಲ್ಫರ್ ಅದರ ರೂವಾರಿ, ಆಗಿನ ಕಮಿಷನರ್ ಬೌರಿಂಗ್ ಅದರ ಪೋಷಕ. 1877ರಲ್ಲಿ ಅದು ಈಗಿನ ಕೆಂಪು ಕಟ್ಟಡಕ್ಕೆ ಬಂತು. ಪಕ್ಕದಲ್ಲಿ 1970ರ ದಶಕದಲ್ಲಿ ಎದ್ದದ್ದು ಕೆ. ವೆಂಕಟಪ್ಪ ಚಿತ್ರಶಾಲೆ. ಹಳೆಯ ಸಂಗ್ರಹಾಲಯಕ್ಕೆ ಅದೂ ಒಂದು ವಿಸ್ತರಣೆಯೇ.

ವೆಂಕಟಪ್ಪ (1886–1965) ಮೈಸೂರಿನವರು; ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರು, ನಂದಲಾಲ್ ಬೋಸರ ಸಹಪಾಠಿ. ಊಟಿ, ಕೊಡೈಕೆನಾಲ್ ಬೆಟ್ಟಗಳ ಜಲವರ್ಣ ಭೂದೃಶ್ಯಗಳು, ದಂತದ ಮೇಲಿನ ಸಣ್ಣ ಭಾವಚಿತ್ರಗಳು, ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಉಬ್ಬುಶಿಲ್ಪಗಳು ಅವರ ಕೃತಿಗಳಲ್ಲಿ ಮುಖ್ಯವಾದವು. ವಿಸ್ತರಣೆಯ ಲೆಕ್ಕ ಶುರುವಾಗಬೇಕಾದದ್ದು ಈ ಮೂರು ಮಾಧ್ಯಮಗಳಿಂದ.

ಕಾಗದದ ಮೇಲಿನ ಜಲವರ್ಣಕ್ಕೆ ಸಂಗ್ರಹಾಲಯಗಳು ಒಪ್ಪಿಕೊಂಡಿರುವ ಬೆಳಕಿನ ಮಿತಿ 50 ಲಕ್ಸ್. ತೈಲವರ್ಣಕ್ಕೆ 200ರವರೆಗೆ ಅಡ್ಡಿಯಿಲ್ಲ. ಕಲ್ಲಿಗೆ ಬೆಳಕಿನ ಭಯವೇ ಇಲ್ಲ. ಜಲವರ್ಣಕ್ಕೆ ಬೆಳಕು ಮಾಡುವ ಹಾನಿ ಕೂಡುತ್ತಲೇ ಹೋಗುತ್ತದೆ. ಒಮ್ಮೆ ಮಾಸಿದ ಬಣ್ಣವನ್ನು ಯಾವ ತಜ್ಞನೂ ಮರಳಿ ತರಲಾರ. 50 ಲಕ್ಸ್‌ನಲ್ಲೇ ದಿನಕ್ಕೆ 8 ಗಂಟೆಯಂತೆ 300 ದಿನ ತೂಗುಹಾಕಿದರೆ ವರ್ಷಕ್ಕೆ 1,20,000 ಲಕ್ಸ್-ಗಂಟೆಯ ಬೆಳಕು ಬಿದ್ದಂತಾಯಿತು. ಅದಕ್ಕಾಗಿ ಜಲವರ್ಣಗಳನ್ನು ಕೆಲವು ತಿಂಗಳು ತೋರಿಸಿ, ಆಮೇಲೆ ದೀರ್ಘಕಾಲ ಕತ್ತಲಲ್ಲಿ ವಿಶ್ರಾಂತಿಗೆ ಇಡುತ್ತಾರೆ. ಹೊರಗೆ ಒಂದು ಚಿತ್ರವಿದ್ದರೆ ಒಳಗೆ ಹಲವು ಇರಬೇಕು. ಹಾಗಾದರೆ ವೆಂಕಟಪ್ಪನವರ ಸಂಗ್ರಹಕ್ಕೆ ಮೊದಲು ಬೇಕಾದದ್ದು ಇನ್ನಷ್ಟು ಗೋಡೆಯಲ್ಲ, ಒಳ್ಳೆಯ ಉಗ್ರಾಣ: ಚಪ್ಪಟೆ ಡ್ರಾಯರುಗಳು, ಆಮ್ಲವಿಲ್ಲದ ರಟ್ಟು, ಗೆದ್ದಲು ಹತ್ತದ ನೆಲ, ನೀರಿನ ಪೈಪು ಹಾಯದ ಛಾವಣಿ.

ದಂತದ ಸಮಸ್ಯೆ ಬೆಳಕಿಗಿಂತ ಹೆಚ್ಚಾಗಿ ತೇವದ್ದು. ತೆಳ್ಳಗೆ ಸೀಳಿದ ದಂತದ ಹಲ್ಲೆ ಗಾಳಿಯ ತೇವ ಏರಿಳಿದಂತೆಲ್ಲ ಹಿಗ್ಗಿ ಕುಗ್ಗುತ್ತದೆ, ಬಾಗುತ್ತದೆ, ಕೊನೆಗೆ ಸೀಳುತ್ತದೆ. ಬೆಂಗಳೂರಿನ ಸೆಕೆ ಸೌಮ್ಯವಾದರೂ ತೇವ ಸೌಮ್ಯವಲ್ಲ. ಮಾರ್ಚ್ ತಿಂಗಳ ಮಧ್ಯಾಹ್ನ ತುಟಿ ಒಡೆಯುವಷ್ಟು ಒಣಗುವ ಗಾಳಿ ಆಗಸ್ಟ್–ಸೆಪ್ಟೆಂಬರಿನ ಬೆಳಗ್ಗೆ ನೀರು ಹನಿಯುವಷ್ಟು ತೇವವಾಗಿರುತ್ತದೆ. ದೊಡ್ಡ ಸಂಗ್ರಹಾಲಯಗಳ ಬಿಜೋ ಒಕ್ಕೂಟ ಒಪ್ಪಿರುವ ಮಾರ್ಗಸೂಚಿ ಸಾಪೇಕ್ಷ ತೇವಾಂಶ 40ರಿಂದ 60 ಶೇಕಡಾ, ಉಷ್ಣಾಂಶ 16ರಿಂದ 25 ಡಿಗ್ರಿಯ ನಡುವೆ ಇದ್ದರೆ ಸಾಕು, ದಿನದೊಳಗಿನ ಏರಿಳಿತ ಮಾತ್ರ ಮಿತಿ ಮೀರಬಾರದು ಎನ್ನುತ್ತದೆ. ಈ ಸಡಿಲಿಕೆ ನಮ್ಮಂಥ ಊರಿಗೆ ವರ. ಇಡೀ ಕಟ್ಟಡವನ್ನು ಹಗಲೂ ರಾತ್ರಿ ತಣ್ಣಗಿಡುವ ಬದಲು, ದಂತದಂಥ ನಾಜೂಕು ವಸ್ತುವಿಗೆ ಗಾಳಿ ನುಸುಳದ ಗಾಜಿನ ಪೆಟ್ಟಿಗೆ ಮಾಡಿ, ತಳದಲ್ಲಿ ಹದಗೊಳಿಸಿದ ಸಿಲಿಕಾ ಜೆಲ್ ಇಟ್ಟರೆ ಕಡಿಮೆ ಖರ್ಚಿನಲ್ಲಿ ಕೆಲಸ ಆಗುತ್ತದೆ. ಕರೆಂಟು ಹೋದರೂ ಆ ಪೆಟ್ಟಿಗೆ ತನ್ನ ಕೆಲಸ ಬಿಡುವುದಿಲ್ಲ.

ಪ್ಲಾಸ್ಟರಿನ ಉಬ್ಬುಶಿಲ್ಪಕ್ಕೆ ಬೆಳಕೇನೋ ಬೇಕು, ಆದರೆ ಪಕ್ಕದಿಂದ ಬೀಳುವ ಬೆಳಕು. ನೇರ ಎದುರಿನಿಂದ ಬಿದ್ದರೆ ಉಬ್ಬು ತಗ್ಗುಗಳ ನೆರಳು ಅಳಿಸಿ, ಕೃತಿ ಬರೀ ಬಿಳಿ ಹಲಗೆಯಾಗಿ ಕಾಣುತ್ತದೆ. ಅದರ ಶತ್ರು ದೂಳು ಮತ್ತು ಕೈ. ದೂಳು ಹೊಕ್ಕ ಪ್ಲಾಸ್ಟರನ್ನು ನೀರು ಮುಟ್ಟಿಸಿ ಒರೆಸುವ ಹಾಗಿಲ್ಲ. ಹಳೆಯ ತೂಗುಕೊಕ್ಕೆಗಳು ಎಷ್ಟು ತುಕ್ಕು ಹಿಡಿದಿವೆ ಎಂಬುದನ್ನು ಒಂದೊಂದನ್ನೂ ಇಳಿಸಿ ಹಿಂಬದಿ ನೋಡಿಯೇ ತಿಳಿಯಬೇಕು. ನವೀಕರಣದ ಅತಿ ಅಪಾಯದ ಗಳಿಗೆ ಕಟ್ಟುವಾಗಿನದಲ್ಲ, ಕೃತಿಗಳನ್ನು ಇಳಿಸಿ ಸಾಗಿಸುವಾಗಿನದು. ಪೆಟ್ಟಿಗೆ, ಸಾಗಣೆ, ತಾತ್ಕಾಲಿಕ ಉಗ್ರಾಣ, ವಿಮೆ ಇವುಗಳ ವೆಚ್ಚ ಅಂದಾಜುಪಟ್ಟಿಯ ಮೊದಲ ಪುಟದಲ್ಲೇ ಇರಬೇಕು.

ಹಳೆಯ ಸಂಗ್ರಹಾಲಯದ ಕಡೆ ಬಂದರೆ ಕಷ್ಟ ಬೇರೆ ಬಗೆಯದು. ಮದ್ದೂರು ತಾಲ್ಲೂಕಿನ ಆತಕೂರಿನಿಂದ ಬಂದ ವೀರಗಲ್ಲು ಅಲ್ಲಿದೆ. ಕ್ರಿ.ಶ. 949–50ರ ಆ ಕಲ್ಲು ರಾಷ್ಟ್ರಕೂಟ ಮೂರನೆಯ ಕೃಷ್ಣ, ಗಂಗರ ಬೂತುಗ ಸೇರಿ ಚೋಳ ರಾಜಾದಿತ್ಯನನ್ನು ಗೆದ್ದುದನ್ನು ಹೇಳುತ್ತದೆ. ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ಬೇಟೆನಾಯಿಯನ್ನೂ ನೆನೆಯುತ್ತದೆ. ಇಂಥ ಕಲ್ಲುಗಳಿಗೆ ಬೇಕಾದದ್ದು ನೆಲದ ಬಲ. 2 ಮೀಟರ್ ಎತ್ತರ, 1 ಮೀಟರ್ ಅಗಲ, 20 ಸೆಂಟಿಮೀಟರ್ ದಪ್ಪದ ಕಣಶಿಲೆಯ ಚಪ್ಪಡಿಯೊಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದು ಒಂದು ಟನ್ನಿಗಿಂತ ತುಸು ಹೆಚ್ಚೇ ತೂಗುತ್ತದೆ. ನಿಲ್ಲಿಸಿದರೆ ಆ ತೂಕವೆಲ್ಲ ಚದರ ಮೀಟರಿನ ಐದನೇ ಒಂದು ಪಾಲಿನಷ್ಟು ಜಾಗದ ಮೇಲೆ ಕೂರುತ್ತದೆ. ಜನ ಸೇರುವ ಸಭಾಂಗಣದ ನೆಲವನ್ನು ಸಾಮಾನ್ಯವಾಗಿ ಲೆಕ್ಕ ಹಾಕುವುದು ಚದರ ಮೀಟರಿಗೆ ಸುಮಾರು 500 ಕಿಲೋಗ್ರಾಂ ಹೊರುವ ಹಾಗೆ. ಶಿಲ್ಪಗಳನ್ನು ಮೇಲಂತಸ್ತಿಗೆ ಏರಿಸಿ ಕೆಳಗೆ ಕೆಫೆ ಮಾಡೋಣ ಎಂಬಂಥ ನಕ್ಷೆಗಳು ಬಿದ್ದುಹೋಗುವುದು ಈ ಸರಳ ಗುಣಾಕಾರದಲ್ಲೇ.

ಉಗ್ರಾಣದ ವಿಷಯದಲ್ಲಿ ಜಗತ್ತಿನ ಸ್ಥಿತಿಯೂ ನೆಮ್ಮದಿ ಕೊಡುವಂಥದ್ದಲ್ಲ. ಪರಂಪರೆಯ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಇಕ್ರಾಮ್ ಮತ್ತು ಯುನೆಸ್ಕೊ ಸೇರಿ 2011ರಲ್ಲಿ ನೂರಕ್ಕೂ ಹೆಚ್ಚು ದೇಶಗಳ ಸಂಗ್ರಹಾಲಯಗಳಿಂದ ಮಾಹಿತಿ ಪಡೆದಾಗ, ಉಗ್ರಾಣದಲ್ಲಿರುವ ಸಂಗ್ರಹಗಳಲ್ಲಿ ಸುಮಾರು 60 ಶೇಕಡಾ ಅಪಾಯದಲ್ಲಿವೆ ಎಂದು ಕಂಡುಬಂತು. ಪ್ರದರ್ಶನದ ಕೋಣೆ ಹೆಚ್ಚಿಸಲು ಉಗ್ರಾಣ ಕಿರಿದು ಮಾಡುವ ವಿಸ್ತರಣೆ ಈ ಅಂಕಿಯನ್ನು ಏರಿಸುವುದಲ್ಲದೆ ಮತ್ತೇನೂ ಮಾಡದು.

3. ಬಳಕೆದಾರರ ಪಟ್ಟಿ: 2016ರ ವಿವಾದ

ವೆಂಕಟಪ್ಪ ಚಿತ್ರಶಾಲೆಯಲ್ಲಿ ವೆಂಕಟಪ್ಪನವರ ಕೃತಿಗಳ ಜೊತೆಗೆ ಕೆ.ಕೆ. ಹೆಬ್ಬಾರರು ಕೊಟ್ಟ ಚಿತ್ರಗಳಿವೆ. ಅಷ್ಟೇ ಮುಖ್ಯವಾದದ್ದು ಅಲ್ಲಿನ ಬಾಡಿಗೆ ಅಂಕಣಗಳು. ಕಡಿಮೆ ಬಾಡಿಗೆಗೆ ಸಿಗುವ ಆ ಗೋಡೆಗಳ ಮೇಲೆ ರಾಜ್ಯದ ಹಲವು ಕಲಾವಿದರು ತಮ್ಮ ಮೊದಲ ಪ್ರದರ್ಶನ ಮಾಡಿದ್ದಾರೆ. ವಸ್ತುಗಳ ಪಟ್ಟಿಯಲ್ಲಿ ಖಾಲಿ ಗೋಡೆಗೆ ಜಾಗವಿಲ್ಲ. ಬಳಕೆದಾರರ ಪಟ್ಟಿಯಲ್ಲಿ ಅದೇ ಮೊದಲ ಸಾಲು.

2015ರಲ್ಲಿ ರಾಜ್ಯದ ಪ್ರವಾಸೋದ್ಯಮ ಇಲಾಖೆ, ತಾಣಗಳನ್ನು ಖಾಸಗಿಯವರಿಗೆ ದತ್ತು ಕೊಡುವ ಯೋಜನೆಯಡಿ, ಚಿತ್ರಶಾಲೆಯ ಅಭಿವೃದ್ಧಿಗಾಗಿ ತಸ್ವೀರ್ ಪ್ರತಿಷ್ಠಾನದೊಡನೆ ಒಪ್ಪಂದ ಮಾಡಿಕೊಂಡಿತು. ವಿಷಯ ತಿಳಿದ ಕಲಾವಿದರು 2016ರಲ್ಲಿ ಬೀದಿಗಿಳಿದರು, ವಿಎಜಿ (ವೆಂಕಟಪ್ಪ ಆರ್ಟ್ ಗ್ಯಾಲರಿ) ಫೋರಂ ಎಂಬ ಹೆಸರಿನಲ್ಲಿ ಸೇರಿ ಪ್ರತಿಭಟಿಸಿದರು. ಸಾರ್ವಜನಿಕ ಸ್ಥಳದ ಆಡಳಿತ ಯಾರ ಕೈಗೆ ಹೋಗುತ್ತದೆ, ಬಾಡಿಗೆ ಅಂಕಣಗಳ ಗತಿಯೇನು, ತಮ್ಮನ್ನು ಕೇಳದೆ ಏಕೆ ತೀರ್ಮಾನಿಸಿದಿರಿ ಎಂಬವು ಅವರ ಪ್ರಶ್ನೆಗಳು. ಯೋಜನೆ ಅಲ್ಲಿಗೇ ನಿಂತಿತು. ಪ್ರತಿಷ್ಠಾನದ ಅಭಿಷೇಕ್ ಪೊದ್ದಾರ್ ಸ್ಥಾಪಿಸಿದ ಕಲೆ ಮತ್ತು ಛಾಯಾಚಿತ್ರ ಸಂಗ್ರಹಾಲಯ, ಅಂದರೆ ಮ್ಯಾಪ್, ಅದೇ ಕಸ್ತೂರಬಾ ರಸ್ತೆಯಲ್ಲಿ ಸುಮಾರು 44,000 ಚದರಡಿಯ ಸ್ವಂತ ಕಟ್ಟಡದಲ್ಲಿ 2023ರ ಫೆಬ್ರವರಿಯಲ್ಲಿ ಬಾಗಿಲು ತೆರೆಯಿತು. ಅದರ ವಿನ್ಯಾಸ ಮ್ಯಾಥ್ಯೂ ಅಂಡ್ ಘೋಷ್ ಸಂಸ್ಥೆಯದು.

ಈ ಘಟನೆಯನ್ನು ಖಾಸಗಿ–ಸರ್ಕಾರಿ ಜಗಳವೆಂದು ಓದುವುದು ರೂಢಿ. ಯೋಜನಾ ಕ್ರಮದ ದೃಷ್ಟಿಯಿಂದ ಓದಿದರೆ ಬೇರೆ ಅರ್ಥ ಹೊಳೆಯುತ್ತದೆ. ಖಾಸಗಿ ಹಣ, ಖಾಸಗಿ ಸಂಗ್ರಹ, ಸ್ವಂತ ನಿವೇಶನ ಸೇರಿದಾಗ ಕಟ್ಟಡ ಎದ್ದಿತು, ನಗರಕ್ಕೂ ಲಾಭವಾಯಿತು. ಅದೇ ಹಣ ಸಾರ್ವಜನಿಕ ಕಟ್ಟಡದ ಕಡೆ ಬಂದಾಗ ಅಲ್ಲಿ ಆಗಲೇ ಇದ್ದ ಬಳಕೆದಾರರನ್ನು ಯಾರೂ ಮೊದಲೇ ಪಟ್ಟಿ ಮಾಡಿರಲಿಲ್ಲ. ರೈಕ್ಸ್ ಮ್ಯೂಸಿಯಮ್ಮಿನಲ್ಲೂ ಆದದ್ದು ಇದೇ. ಆ ಕಟ್ಟಡದ ಹೊಟ್ಟೆಯೊಳಗೆ ಹಾದುಹೋಗುವ ಸಾರ್ವಜನಿಕ ದಾರಿಯಲ್ಲಿ ಸೈಕಲ್ ಸವಾರರು ಓಡಾಡುತ್ತಿದ್ದರು. ಹೊಸ ದ್ವಾರದ ನಕ್ಷೆಯಿಂದ ಅವರ ದಾರಿ ಕಿರಿದಾಗುತ್ತದೆಂದು ಸೈಕಲ್ ಸವಾರರ ಸಂಘ ತಕರಾರು ಎತ್ತಿತು. ಸ್ಪೇನಿನ ವಾಸ್ತುಶಿಲ್ಪಿಗಳಾದ ಕ್ರೂಸ್–ಒರ್ತಿಸ್ ಜೋಡಿ ದ್ವಾರದ ನಕ್ಷೆಯನ್ನು ಮತ್ತೆ ಬರೆಯಬೇಕಾಯಿತು. ಸೈಕಲ್ ಸವಾರರು ಚಿತ್ರ ನೋಡಲು ಬಂದವರಲ್ಲ. ಆದರೂ ಅವರು ಬಳಕೆದಾರರು. ಈ ಪಟ್ಟಿ ಮಾಡುವವರು ಟಿಕೆಟ್ ಕೊಂಡವರನ್ನಷ್ಟೇ ಎಣಿಸಿ ಸುಮ್ಮನಾಗಬಾರದು.

4. ನಿಷೇಧದ ಪಟ್ಟಿ: ನಲ್ಲೂರು

ನಲ್ಲೂರಿನ ಹುಣಸೆ ತೋಪು 54 ಎಕರೆಯದು. ಜೈವಿಕ ವೈವಿಧ್ಯ ಕಾಯ್ದೆ 2002ರ ಅಡಿಯಲ್ಲಿ 2007ರಲ್ಲಿ ಅದನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲಾಯಿತು. ದೇಶದಲ್ಲಿ ಆ ಮನ್ನಣೆ ಪಡೆದ ಮೊದಲ ತಾಣ ಇದು. ಸುಮಾರು 300 ಹುಣಸೆ ಮರಗಳು. ಅವುಗಳಲ್ಲಿ ಹಲವು ಶತಮಾನಗಳ ವಯಸ್ಸಿನವು. ಚೋಳರ ಕಾಲದ್ದೆಂಬ ಐತಿಹ್ಯ ಊರಿನವರ ಬಾಯಲ್ಲಿದೆ. ತೋಪಿನೊಳಗೆ ಪಾಳುಬಿದ್ದ ಗುಡಿಯ ಅವಶೇಷಗಳಿವೆ. ಬಳಿಯಲ್ಲೇ ವಿಮಾನ ನಿಲ್ದಾಣ 2008ರಲ್ಲಿ ಶುರುವಾದ ಮೇಲೆ ತಾಲ್ಲೂಕಿನ ಭೂಮಿಯ ಬೆಲೆ ಎಲ್ಲಿಗೆ ಏರಿತೆಂದು ಯಾರಿಗೂ ಹೇಳಬೇಕಿಲ್ಲ. 2007ರ ಘೋಷಣೆ ಅದಕ್ಕೂ ಮುಂಚಿನದು ಎಂಬುದು ಗಮನಿಸಬೇಕಾದ ಅಂಶ. ಮುಟ್ಟಬಾರದ್ದು ಯಾವುದು ಎಂದು ಗೆರೆ ಎಳೆದದ್ದು ಒತ್ತಡ ಬರುವ ಮುನ್ನ.

ಸಂಗ್ರಹಾಲಯದ ಯೋಜಕನಿಗೆ ಇಲ್ಲಿ ಎರಡು ಪಾಠಗಳಿವೆ. ಒಂದು ಮರಗಳ ಕುರಿತದ್ದು. ಹಳೆಯ ಮರವನ್ನು ನಕ್ಷೆಯಲ್ಲಿ ಒಂದು ಚುಕ್ಕೆಯಾಗಿ ಗುರುತಿಸಿದರೆ ಸಾಲದು. ಅದರ ಬೇರಿನ ಹರವು ರೆಂಬೆಗಳ ಹರವಿಗಿಂತ ಕಡಿಮೆಯಿಲ್ಲ. ಆ ವೃತ್ತದೊಳಗೆ ಕಂದಕ ತೋಡಿದರೂ, ಮಣ್ಣು ಏರಿಸಿದರೂ, ಲಾರಿ ನಿಲ್ಲಿಸಿ ನೆಲ ಗಟ್ಟಿ ಮಾಡಿದರೂ ಮರ ಕೂಡಲೇ ಬೀಳುವುದಿಲ್ಲ. ಉದ್ಘಾಟನೆ ಮುಗಿದು, ಗುತ್ತಿಗೆದಾರನ ಹೊಣೆಯ ಅವಧಿ ಕಳೆದ ಮೇಲೆ ಒಣಗುತ್ತದೆ. ಹೀಗಾಗಿ ನಕ್ಷೆಯಲ್ಲಿ ವೃತ್ತಗಳನ್ನು ಮೊದಲು ಬರೆದು, ಉಳಿದ ಜಾಗದಲ್ಲಿ ಕಟ್ಟಡ ಹುಡುಕಬೇಕು. ಕಸ್ತೂರಬಾ ರಸ್ತೆಯ ಮಗ್ಗುಲಿನ ಕಬ್ಬನ್ ಪಾರ್ಕಿಗೆ 1975ರ ರಾಜ್ಯ ಉದ್ಯಾನಗಳ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ದೇವನಹಳ್ಳಿ ಕೋಟೆಯಂಥ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್‌ವರೆಗೆ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ, ಅದರಾಚೆ 200 ಮೀಟರ್ ಅನುಮತಿ ಬೇಕಾದ ವಲಯ. ಇಂಥ ಗೆರೆಗಳನ್ನು ಕಟ್ಟಡದ ಅಡ್ಡಿಗಳೆಂದು ಕೊನೆಯಲ್ಲಿ ಎದುರಿಸುವ ಬದಲು ಮೊದಲ ಹಾಳೆಯಲ್ಲೇ ಎಳೆದುಬಿಡುವುದು ಲೇಸು.

ಎರಡನೆಯ ಪಾಠ ಕಲ್ಲುಗಳದು: ತೋಪಿನಂತೆ ಅವನ್ನೂ ಇದ್ದಲ್ಲೇ ಉಳಿಸಬಹುದು. ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯ ಕರ್ನಾಟಿಕದ ಬೆಂಗಳೂರು ಜಿಲ್ಲೆಯ ಸಂಪುಟ 1905ರದು. ದೇವನಹಳ್ಳಿ, ಹೊಸಕೋಟೆ, ನೆಲಮಂಗಲ, ದೊಡ್ಡಬಳ್ಳಾಪುರ ತಾಲ್ಲೂಕುಗಳ ನೂರಾರು ಶಾಸನಗಳು ಅದರಲ್ಲಿ ದಾಖಲಾದವು. ಹೀಗೆ ಬೆಳಕಿಗೆ ಬಂದ ಕಲ್ಲುಗಳಲ್ಲಿ ಆತಕೂರಿನದರಂತೆ ಕೆಲವು ನಗರದ ಸಂಗ್ರಹಾಲಯ ಸೇರಿದವು. ಬಹುಪಾಲು ತಮ್ಮ ಊರಲ್ಲೇ ಉಳಿದವು. ಸಂಗ್ರಹಾಲಯ ದೊಡ್ಡದಾದಾಗ ಅದನ್ನು ತುಂಬಿಸಲು ಊರಿನ ಕಲ್ಲುಗಳನ್ನು ತರುವ ಆಸೆ ಹುಟ್ಟುವುದು ಸಹಜ. ಅಪಾಯದಲ್ಲಿರುವ ಕಲ್ಲನ್ನು ತರಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೆರೆಯ ಏರಿಯ ಮೇಲಿನ ಶಾಸನ ಆ ಕೆರೆಯ ಮಾತನ್ನೇ ಆಡುತ್ತಿದ್ದರೆ, ತಂದ ಮೇಲೆ ಅದರ ಅರ್ಧ ಅರ್ಥ ಏರಿಯ ಮೇಲೇ ಉಳಿಯುತ್ತದೆ. ಮಿಥಿಕ್ ಸೊಸೈಟಿಯ ಬೆಂಗಳೂರು ಶಾಸನಗಳ ಮೂರು ಆಯಾಮದ ಡಿಜಿಟಲ್ ಸಂರಕ್ಷಣಾ ಯೋಜನೆ ಬೇರೊಂದು ದಾರಿ ತೋರಿಸಿದೆ: ಕಲ್ಲು ಊರಲ್ಲೇ ಇರಲಿ, ಅದರ ಅಕ್ಷರ ಅಕ್ಷರವನ್ನೂ ಸ್ಕ್ಯಾನರಿನಿಂದ ಹಿಡಿದ ಪ್ರತಿ ಸಂಶೋಧಕರಿಗೆ ಸಿಗಲಿ. ಜಿಲ್ಲೆಯ ಕಲ್ಲುಗಳ ಇಂಥ ಪ್ರತಿಗಳಿಗೆ ಒಂದು ಕೋಣೆ, ಅವು ಇರುವ ಊರುಗಳ ನಕಾಶೆ, ಊರಿಗೆ ಹೋಗುವ ದಾರಿಯ ವಿವರ ಇದ್ದರೆ ಸಂಗ್ರಹಾಲಯ ಒಂದು ಇಟ್ಟಿಗೆಯನ್ನೂ ಸೇರಿಸದೆ ಇಡೀ ಜಿಲ್ಲೆಗೆ ಹರಡಿಕೊಳ್ಳುತ್ತದೆ.

5. ಸಲಹೆ

ಮೂರು ಪಟ್ಟಿಗಳ ಕ್ರಮವೂ ಮುಖ್ಯ. ಮೊದಲು ಆಕ್ಸೆಷನ್ ರಿಜಿಸ್ಟರನ್ನು, ಅಂದರೆ ಸಂಗ್ರಹಕ್ಕೆ ಸೇರಿದ ವಸ್ತುಗಳ ದಾಖಲೆ ಪುಸ್ತಕವನ್ನು, ವಸ್ತುಗಳೊಡನೆ ತಾಳೆ ನೋಡಬೇಕು. ಪ್ರತಿ ವಸ್ತುವಿಗೂ ಅದರ ಸ್ಥಿತಿ, ಬೇಕಾದ ಬೆಳಕು, ತೇವ, ನೆಲದ ಬಲ ಇವಿಷ್ಟೂ ಒಂದೇ ಸಾಲಿನಲ್ಲಿ ದಾಖಲಾಗಬೇಕು. ಗೋಡೆ, ಛಾವಣಿಗಳ ತೇವವನ್ನು ಒಂದು ಬೇಸಿಗೆ, ಒಂದು ಮಳೆಗಾಲ ಎರಡನ್ನೂ ಕಂಡು ಅಳೆಯಬೇಕು. ಬೇಸಿಗೆಯಲ್ಲಷ್ಟೇ ಅಳೆದ ಹಳೆಯ ಕಟ್ಟಡ ಯಾವಾಗಲೂ ಆರೋಗ್ಯವಂತನೇ. ಆಮೇಲೆ ಕಲಾವಿದರು, ಶಾಲೆಗಳು, ಸಂಶೋಧಕರು, ಕಾವಲು ಸಿಬ್ಬಂದಿ, ದಾರಿಹೋಕರು ಎಲ್ಲರ ಬಳಕೆಯನ್ನೂ ಬರೆದಿಡಬೇಕು. ಕೊನೆಗೆ ಮರಗಳ ವೃತ್ತ, ಕಾಯ್ದೆಯ ಗೆರೆ, ಊರಲ್ಲೇ ಉಳಿಯಬೇಕಾದ ವಸ್ತುಗಳನ್ನು ಗುರುತಿಸಬೇಕು. ಉಗ್ರಾಣವನ್ನು ಮೊದಲ ಹಂತದಲ್ಲೇ ಕಟ್ಟಿ ಮುಗಿಸಬೇಕು; ಅದು ಮುಗಿದರೆ ದುರಸ್ತಿಯ ಕಾಲದಲ್ಲಿ ಕೃತಿಗಳನ್ನು ಇಡಲು ಬೇರೆ ಜಾಗ ಹುಡುಕುವ ಗೋಜು ತಪ್ಪುತ್ತದೆ.

ಇದಕ್ಕೆಲ್ಲ ಹೊಸ ಕಾನೂನು ಬೇಕಿಲ್ಲ. ವಾಸ್ತುಶಿಲ್ಪಿಗಳನ್ನು ಆಹ್ವಾನಿಸುವ ಟೆಂಡರ್ ದಾಖಲೆಗೆ ಮೂರು ಪಟ್ಟಿಗಳನ್ನೂ ಅನುಬಂಧವಾಗಿ ಸೇರಿಸಿ, ಅವುಗಳಿಗೆ ಉತ್ತರ ಕೊಡದ ನಕ್ಷೆಯನ್ನು ಪರಿಗಣಿಸುವುದಿಲ್ಲ ಎಂಬ ಒಂದು ಷರತ್ತು ಹಾಕಿದರೆ ಸಾಕು. ಪಟ್ಟಿ ಮಾಡಲು ಹಿಡಿಯುವ ಕಾಲ ದಂಡವಲ್ಲ. ಬೆಂಗಳೂರಿನಲ್ಲಿ ಬಳಕೆದಾರರ ಪಟ್ಟಿ ಇಲ್ಲದೆ ಹೊರಟ ಯೋಜನೆ ಒಂದು ಗೋಡೆಯೂ ಏಳದೆ ನಿಂತುಹೋದದ್ದು ಕಣ್ಣ ಮುಂದಿನ ದಾಖಲೆ.